ಕಲ್ಲು ಕರಗುವ ಲೆಕ್ಕ

ಪಾವಗಡ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹಳೆಯ ಪಿಡುಗು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು; ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಗ್ರಾನೈಟ್‌ನೊಳಗಿನ ಬಯೋಟೈಟ್, ಅಪಟೈಟ್, ಫ್ಲೋರೈಟ್ ಖನಿಜಗಳಿಂದ ಫ್ಲೋರೈಡ್ ನೀರಿಗಿಳಿಯುತ್ತದೆ ಎಂಬುದು ಗೊತ್ತಿರುವ ಸಂಗತಿ. ಆದರೆ ಅದು ಎಲ್ಲಿಯವರೆಗೆ ಏರುತ್ತದೆ, ಏನು ಅದನ್ನು ತಡೆಯುತ್ತದೆ? ಈ ಪ್ರಶ್ನೆಗೆ ಜಗತ್ತಿನಾದ್ಯಂತ ಅಂತರ್ಜಲ ತಜ್ಞರು ಮೊರೆಹೋಗುವ ತಂತ್ರಾಂಶ ಫ್ರೀಕ್‌ಸಿ.

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಡೇವಿಡ್ ಪಾರ್ಕ್‌ಹರ್ಸ್ಟ್ ಮತ್ತು ಸಂಗಡಿಗರು 1980ರಲ್ಲಿ ಫೋರ್ಟ್ರಾನ್‌ನಲ್ಲಿ ಬರೆದ ಕ್ರಮವಿಧಿಯೇ ಇದರ ಮೂಲ. 1995ರಲ್ಲಿ ಅದು ಸಿ ಭಾಷೆಗೆ ಬಂತು. ಡಚ್ ಜಲವಿಜ್ಞಾನಿ ಅಪೆಲೊ ಜೊತೆಗೂಡಿ 1999 ಮತ್ತು 2013ರಲ್ಲಿ ಅದು ಮತ್ತಷ್ಟು ಬೆಳೆಯಿತು. ನೀರಿನ ಪಿಎಚ್, ಉಷ್ಣತೆ, ಅದರಲ್ಲಿ ಕರಗಿರುವ ಲವಣಗಳ ಪ್ರಮಾಣ ಕೊಟ್ಟರೆ ಪ್ರತಿ ಖನಿಜಕ್ಕೂ ಒಂದು ಸಂತೃಪ್ತಿ ಸೂಚ್ಯಂಕವನ್ನು ಅದು ಹೇಳುತ್ತದೆ. ಸೊನ್ನೆಗಿಂತ ಕೆಳಗಿದ್ದರೆ ಆ ಖನಿಜ ನೀರಿನಲ್ಲಿ ಇನ್ನೂ ಕರಗಬಲ್ಲದು. ಮೇಲಿದ್ದರೆ ನೀರಿನಿಂದ ಹರಳಾಗಿ ಬೇರ್ಪಡಬಲ್ಲದು.

ಫ್ಲೋರೈಡ್ ಪೀಡಿತ ಗ್ರಾನೈಟ್ ಸೀಮೆಗಳ ನೀರನ್ನು ಈ ಲೆಕ್ಕಕ್ಕೆ ಒಡ್ಡಿದಾಗ ಒಂದೇ ಚಿತ್ರ ಮತ್ತೆ ಮತ್ತೆ ಮೂಡುತ್ತದೆ: ಸುಣ್ಣಕಲ್ಲಿನ ಖನಿಜವಾದ ಕ್ಯಾಲ್ಸೈಟ್ ಸೊನ್ನೆಯ ಮೇಲೆ, ಫ್ಲೋರೈಟ್ ಸೊನ್ನೆಯ ಕೆಳಗೆ. ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಕೂತು ನೀರನ್ನು ಬಿಟ್ಟು ಹೋಗುತ್ತದೆ; ಫ್ಲೋರೈಡನ್ನು ಕಟ್ಟಿಹಾಕಬೇಕಾದದ್ದೇ ಆ ಕ್ಯಾಲ್ಸಿಯಂ. ಅಂದಾಜು ಲೆಕ್ಕದಲ್ಲಿ, ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರುವಾಗ ಫ್ಲೋರೈಡ್ ಸುಮಾರು 3 ಮಿಲಿಗ್ರಾಂಗೆ ನಿಲ್ಲುತ್ತದೆ. ಕ್ಯಾಲ್ಸಿಯಂ 10ಕ್ಕೆ ಕುಸಿದರೆ 6ರವರೆಗೆ ಏರಬಹುದು. ಗಡಸು ನೀರಿಗಿಂತ ಸೋಡಿಯಂ ಹೆಚ್ಚಿರುವ ಮೆದು ನೀರೇ ಹಲ್ಲು, ಮೂಳೆಗೆ ಏಕೆ ಹೆಚ್ಚು ಅಪಾಯಕಾರಿ ಎಂಬುದು ಇಲ್ಲಿ ಬಿಡಿಸಿಕೊಳ್ಳುತ್ತದೆ. ಬರಿಯ ಅಂಕಿಗಳ ಪಟ್ಟಿಯಿಂದ ಕಾರಣವನ್ನು ಹೊರತೆಗೆಯುವ ಈ ಶಕ್ತಿಯೇ ಫ್ರೀಕ್‌ಸಿಯ ದೊಡ್ಡಸ್ತಿಕೆ.

ಇದೇ ತೀರ್ಪು ಎಷ್ಟು ನಾಜೂಕಾದ ದಾರದ ಮೇಲೆ ನಿಂತಿದೆ ಎಂಬುದನ್ನೂ ನೋಡಬೇಕು. ನೆಲದಾಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಬಾಟಲಿಯಲ್ಲಿ ತುಂಬಿ, ಎರಡು ದಿನ ಬಿಟ್ಟು ಪ್ರಯೋಗಾಲಯದಲ್ಲಿ ಪಿಎಚ್ ಅಳೆದರೆ ಆ ಅನಿಲ ಹೊರಟುಹೋಗಿ ಪಿಎಚ್ ಏರಿರುತ್ತದೆ. ಅದರ ಜೊತೆಗೆ ಕ್ಯಾಲ್ಸೈಟ್ ಸೂಚ್ಯಂಕವೂ ಏರುತ್ತದೆ. ಕಲ್ಲಿನೊಳಗೆ ನಡೆಯದ ಘಟನೆ ಬಾಟಲಿಯೊಳಗೆ ನಡೆದು, ಪ್ರಬಂಧದಲ್ಲಿ ಕಲ್ಲಿನ ಹೆಸರಿಗೆ ಬರೆಯಲ್ಪಡುತ್ತದೆ. ಇದು ತಂತ್ರಾಂಶದ ತಪ್ಪಲ್ಲ. ಆದರೆ ಕೊಟ್ಟ ಪಿಎಚ್ ಬಾವಿಯ ಬಾಯಲ್ಲಿ ಅಳೆದದ್ದೋ ಅಲ್ಲವೋ ಎಂದು ತಿಳಿಯುವ ದಾರಿ ಅದಕ್ಕಿಲ್ಲ.

ಎರಡನೆಯ ಮಿತಿ ಕಾಲದ್ದು. ಸೂಚ್ಯಂಕ ಸೊನ್ನೆ ದಾಟಿದೊಡನೆ ಖನಿಜ ಕೂತೇಬಿಡುತ್ತದೆ ಎಂದಲ್ಲ. ಲಿಂಟನ್ ಲ್ಯಾಂಡ್ ಎಂಬ ಭೂವಿಜ್ಞಾನಿ ಸಂತೃಪ್ತಿಯನ್ನು ಸಾವಿರ ಪಟ್ಟು ಮೀರಿದ ದ್ರಾವಣವನ್ನು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 32 ವರ್ಷ ಇಟ್ಟು ಕಾದರೂ ಡಾಲೊಮೈಟ್ ಹುಟ್ಟಲಿಲ್ಲ. ಪ್ರತಿಕ್ರಿಯೆಯ ವೇಗವನ್ನೂ ಲೆಕ್ಕಕ್ಕೆ ಸೇರಿಸಲು ಫ್ರೀಕ್‌ಸಿ ಅವಕಾಶ ಕೊಡುತ್ತದೆ, ನಿಜ. ಆದರೆ ಆ ವೇಗದ ಅಂಕಿಗಳು ಪ್ರಯೋಗಾಲಯದವು. ಬಯಲಿನಲ್ಲಿ ಫೆಲ್ಡ್‌ಸ್ಪಾರ್ ಅದಕ್ಕಿಂತ ನೂರಾರು, ಸಾವಿರಾರು ಪಟ್ಟು ನಿಧಾನವಾಗಿ ಸವೆಯುತ್ತದೆ.

ಇಷ್ಟಿದ್ದರೂ ನಾನು ಈ ಕೃತಿಯನ್ನು ಮೆಚ್ಚುವುದು ಅದರ ಬಿಚ್ಚುಮನಸ್ಸಿಗೆ. ಅದು ಉಚಿತ. ಪ್ರತಿ ಖನಿಜದ ಸ್ಥಿರಾಂಕ ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಪಠ್ಯಕಡತದಲ್ಲಿದೆ. ಭೂರಸಾಯನ ತಜ್ಞರಾದ ಗ್ಯಾರೆಲ್ಸ್ ಮತ್ತು ಮೆಕೆಂಜಿ 1967ರಲ್ಲಿ ಸಿಯೆರಾ ನೆವಾಡದ ಬುಗ್ಗೆಗಳ ನೀರಿಗೆ ಹಾಕಿದ ಪ್ರಖ್ಯಾತ ಲೆಕ್ಕ ಇದರ ಕೈಪಿಡಿಯಲ್ಲಿ ಉದಾಹರಣೆಯಾಗಿದೆ. ಯಾವ ಖನಿಜ ಎಷ್ಟು ಕರಗಿ ಈ ನೀರು ಹೀಗಾಯಿತು ಎಂದು ಹಿಮ್ಮುಖವಾಗಿ ಕೇಳಿದರೆ, ಹೊಂದುವ ಉತ್ತರ ಒಂದಕ್ಕಿಂತ ಹೆಚ್ಚಿದ್ದಾಗ ಅದು ಎಲ್ಲವನ್ನೂ ಮುಂದಿಡುತ್ತದೆ. ಆರಿಸುವ ಹೊಣೆ ಕಲ್ಲನ್ನು ಕಣ್ಣಾರೆ ಕಂಡವರದು.

ಆದ್ದರಿಂದ ಫ್ಲೋರೈಡಿನ ಬಗ್ಗೆ ಇಂಥ ಲೆಕ್ಕ ಪ್ರಕಟಿಸುವವರು ಮೂರು ವಿವರಗಳನ್ನು ಕೊಡಲೇಬೇಕು: ಪಿಎಚ್ ಎಲ್ಲಿ ಅಳೆದರು, ಯಾವ ದತ್ತಾಂಶ ಕಡತ ಬಳಸಿದರು, ಲೆಕ್ಕ ಹೇಳಿದ ಕ್ಯಾಲ್ಸೈಟ್ ಆ ನೆಲದ ಬಿರುಕುಗಳಲ್ಲಿ ನಿಜಕ್ಕೂ ಸಿಕ್ಕಿತೇ. ಅದೇ ನೀರನ್ನು ಕುಡಿಯುವ ಮಕ್ಕಳಿರುವ ಊರಿನ ಬಗ್ಗೆ ಬರೆಯುವವರಿಂದ ಇಷ್ಟನ್ನು ಕೇಳುವುದು ಅತಿಯಲ್ಲ.