‘ಕ್ಯಾಲೊರಿಮೀಟರ್’ ಎಂಬ ಹೆಸರಿನ ಔಚಿತ್ಯ

ಪಾರಿಭಾಷಿಕ ಶಬ್ದಗಳನ್ನು ಕನ್ನಡಿಸುವಾಗ ಮೂಲಶಬ್ದದ ಅವಯವಾರ್ಥವನ್ನು ಹಿಡಿಯಬೇಕೋ, ವಸ್ತುವಿನ ವ್ಯಾಪಾರವನ್ನು ನೋಡಬೇಕೋ ಎಂಬ ವಿವಾದಕ್ಕೆ ಕಣಭೌತಶಾಸ್ತ್ರದ ‘ಕ್ಯಾಲೊರಿಮೀಟರ್’ ತಕ್ಕ ನಿದರ್ಶನವಾಗಿದೆ. ಲವಾಸಿಯೆ ಪಂಡಿತನು 1789ರ ತನ್ನ ರಸಾಯನಗ್ರಂಥದಲ್ಲಿ ಈ ಹೆಸರನ್ನು ಬಳಸಿದಾಗ ಅದು ಅನ್ವರ್ಥವೇ ಆಗಿದ್ದಿತು. ಕರಗಿದ ಹಿಮದ ತೂಕದಿಂದ ಶಾಖವನ್ನು ಅಳೆಯುವ ಯಂತ್ರವದು. ಕಣಭೌತಶಾಸ್ತ್ರದ ಯಂತ್ರವಾದರೋ ಸಾಮಾನ್ಯವಾಗಿ ಶಾಖದ ಗೊಡವೆಗೇ ಹೋಗುವುದಿಲ್ಲ. ನೂರು ಕೋಟಿ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಕಣವೊಂದು ಒಂದು ಲೀಟರ್ ನೀರಿಗೆ ತನ್ನ ಶಕ್ತಿಯನ್ನೆಲ್ಲ ಸುರಿದರೂ ನೀರಿನ ಬಿಸಿಯೇರುವುದು ಒಂದು ಡಿಗ್ರಿಯ ಲಕ್ಷಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಸೀಸ, ಉಕ್ಕು, ಟಂಗ್‌ಸ್ಟನ್ ಮೊದಲಾದ ಲೋಹಗಳನ್ನು ಹೊಕ್ಕ ಕಣವು ಹೊಸ ಕಣಗಳ ಮಳೆಯನ್ನೇ ಕರೆಯುವುದು. ನಡುನಡುವೆ ಇರಿಸಿದ ಪದರಗಳು ಆ ಮಳೆಯನ್ನು ಬೆಳಕಾಗಿಯೋ ವಿದ್ಯುತ್ತಾಗಿಯೋ ಗ್ರಹಿಸುವುವು. ಹೀಗಿರಲು ‘ಉಷ್ಣಮಾಪಕ’ವೆಂಬ ಶಬ್ದವು ವ್ಯಾಕರಣಶುದ್ಧವಾದರೂ ವಿದ್ಯಾರ್ಥಿಯನ್ನು ದಾರಿ ತಪ್ಪಿಸುವುದು.

‘ಶಕ್ತಿಮಾಪಕ’ವೆಂದರೆ ಸಾಲದೆ? ಹಳೆಯ ಯಂತ್ರಗಳಿಗೆ ಸಾಕು. ಈಚಿನ ಬಿಂಬಗ್ರಾಹಿ ಯಂತ್ರಗಳಿಗೆ ಸಾಲದು. ಕಣಘರ್ಷಣೆಯಲ್ಲಿ ಒಂದೇ ದಿಕ್ಕಿಗೆ ಚಿಮ್ಮುವ ಕಣಗುಂಪಿನ ಶಕ್ತಿಯಲ್ಲಿ ಸರಾಸರಿ ಸುಮಾರು 60 ಪಾಲು ವಿದ್ಯುದಾವಿಷ್ಟ ಕಣಗಳದು, 30 ಪಾಲು ಫೋಟಾನುಗಳದು, ಉಳಿದ 10 ಪಾಲು ಆವೇಶರಹಿತ ಹೇಡ್ರಾನುಗಳದು. ಮೊದಲನೆಯವನ್ನು ಕಾಂತಕ್ಷೇತ್ರದಲ್ಲಿ ಬಾಗುವ ಅವುಗಳ ಜಾಡಿನಿಂದಲೇ ಹೆಚ್ಚು ನಿಖರವಾಗಿ ಅಳೆಯಬಹುದು. ಆದಕಾರಣ ಯಾವ ಮಳೆ ಯಾವ ಕಣದ್ದೆಂದು ಬೇರ್ಪಡಿಸುವುದೇ ಇಲ್ಲಿಯ ಮುಖ್ಯ ಕಾರ್ಯ. ಎರಡು ಮಳೆಗಳು ಬೆರೆತು ಗುರುತು ತಪ್ಪಿದರೆ, ಮೊತ್ತವನ್ನು ಎಷ್ಟು ಸರಿಯಾಗಿ ಕೂಡಿದರೂ ಫಲವಿಲ್ಲ. ಯಂತ್ರವನ್ನು ಸಣ್ಣ ಸಣ್ಣ ಕೋಶಗಳಾಗಿ ಸೀಳಿದ್ದು ಇದಕ್ಕಾಗಿಯೇ. ಕ್ಯಾಲಿಸ್ ಸಂಘದವರು 2006-07ರಲ್ಲಿ ಸರ್ನ್ ಸಂಸ್ಥೆಯಲ್ಲಿ ಪರೀಕ್ಷಿಸಿದ ಮಾದರಿಯ ನಡುಭಾಗದ ಬಿಲ್ಲೆಗಳು 3 ಸೆಂಟಿಮೀಟರ್ ಚದರದವು. ಒಟ್ಟು ಕೋಶಗಳು 7,600ಕ್ಕೂ ಮಿಕ್ಕಿದ್ದುವು. ಅಲ್ಲಿಯೇ ಸಿಎಮ್‌ಎಸ್ ಪ್ರಯೋಗಕ್ಕೆಂದು ಯೋಜಿಸಿದ ಯಂತ್ರದಲ್ಲಿ ಅವು ಸುಮಾರು 60 ಲಕ್ಷ.

‘ಬಿಂಬ’ವೂ ಲಾಕ್ಷಣಿಕವೇ ಅಲ್ಲವೆ ಎಂದು ಆಕ್ಷೇಪಿಸಬಹುದು. ದಿಟ, ಯಾವ ಫಲಕದ ಮೇಲೂ ಇಲ್ಲಿ ಚಿತ್ರ ಮೂಡುವುದಿಲ್ಲ, ಲಕ್ಷಾಂತರ ಸಂಕೇತಗಳಿಂದ ಗಣಕಯಂತ್ರವು ಅದನ್ನು ಕಟ್ಟಬೇಕು. ಆದರೆ ಈ ಲಕ್ಷಣೆಗೆ ಪ್ರಯೋಜನವುಂಟು, ‘ಉಷ್ಣ’ಕ್ಕೆ ಅದಿಲ್ಲ. ‘ಬಿಂಬಗ್ರಾಹಿ ಶಕ್ತಿಮಾಪಕ’ವೆಂಬುದು ನಾಲಗೆಗೆ ಭಾರವೆಂದು ತೋರುವವರು ‘ಕ್ಯಾಲೊರಿಮೀಟರ್’ ಎಂಬುದನ್ನೇ ಉಳಿಸಿಕೊಳ್ಳಲಿ. ಕನ್ನಡಿಗನ ಕಿವಿಗೆ ಅದು ಶಾಖದ ಸುದ್ದಿಯನ್ನಾದರೂ ಎತ್ತುವುದಿಲ್ಲ.