ಕಂಸಗಳು ಕಸವಲ್ಲ

ಶಾಸನಪಾಠ ಪ್ರಕಟಿಸುವ ವೃತ್ತಿಪರ ವಿದ್ವಾಂಸರ ಮೇಲೆ ಒಂದು ಟೀಕೆ ಪದೇ ಪದೇ ಕೇಳಿಬರುತ್ತದೆ: "ವಿಷಯವೇನೋ ಗಟ್ಟಿ, ಆದ್ರೆ ನೋಡೋಕೆ ಆಗಲ್ಲ. ಪಾಠದ ತುಂಬಾ ಕಂಸ, ಚುಕ್ಕಿ, ನಕ್ಷತ್ರ. ಈಗ ಯಾರೂ ಬರೆಯದ ಱ, ೞ ಬೇರೆ. ಸಾಮಾನ್ಯ ಓದುಗರಿಗೆ ಇದೆಲ್ಲ ಯಾಕೆ?" ಈ ಟೀಕೆಯಲ್ಲಿ ಅರ್ಧ ನಿಜ, ಇನ್ನರ್ಧ ಅಪಾಯ. ಎರಡನ್ನೂ ಬಿಡಿಸಿ ನೋಡೋಣ.

ಮೊದಲು ನಿಜ. ಬಿ. ಎಲ್. ರೈಸರು 1886ರಲ್ಲಿ ಕೊಡಗಿನ ಶಾಸನಗಳಿಂದ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನೇ ತಗೊಳ್ಳಿ. ಇಂಗ್ಲಿಷ್ ಅನುವಾದ ಒಂದು ಕಡೆ, ರೋಮನ್ ಲಿಪಿಯ ಪಾಠ ಇನ್ನೊಂದು ಕಡೆ, ಕನ್ನಡ ಪಾಠ ಮತ್ತೊಂದು ಕಡೆ. ಒಂದು ಕಲ್ಲು ಓದಲು ಮೂರು ಕಡೆ ಬೆರಳಿಟ್ಟುಕೊಂಡು ಕೂರಬೇಕು. ಇದು ಬರೀ ವಿನ್ಯಾಸದ ತೊಂದರೆ. ಮೂರನ್ನೂ ಒಂದೇ ಪುಟಕ್ಕೆ ತಂದರೆ ಶಾಸನದ ಒಂದಕ್ಷರವೂ ಕೆಡಲ್ಲ. ಇಂಥದ್ದನ್ನು ಸರಿಪಡಿಸಿ ಅಂತ ಕೇಳೋದು ನ್ಯಾಯ.

ಈಗ ಅಪಾಯ. "ಓದಲು ಸುಲಭವಾಗಲಿ" ಅಂತ ೞ ತೆಗೆದು ಳ ಹಾಕುತ್ತಾರೆ. ಹಳಗನ್ನಡದಲ್ಲಿ ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು. ವೀರಗಲ್ಲಿನ ಪಾಠದಲ್ಲಿ ಈ ಎರಡನ್ನೂ ಒಂದೇ ಮಾಡಿದರೆ ಹೇಗೆ ಹೇಳಿ? ಅಱಿ ಅಂದರೆ ತಿಳಿ, ಅರಿ ಅಂದರೆ ಕತ್ತರಿಸು. ಅಲ್ಲೂ ಇದೇ ಕತೆ. ಅದಕ್ಕಿಂತ ಮುಖ್ಯವಾಗಿ, ೞ ಕ್ರಮೇಣ ಬಳಕೆ ತಪ್ಪಿದ ಅಕ್ಷರ. ಕಲ್ಲಿನಲ್ಲಿ ಅದು ಎಲ್ಲಿ ನಿಂತಿದೆ, ಎಲ್ಲಿ ಳ ಆಗಿದೆ ಅನ್ನೋದು ತಾರೀಖಿಲ್ಲದ ಶಾಸನದ ಕಾಲ ಊಹಿಸಲು ಒಂದು ಸುಳಿವು. ಅಂದಕ್ಕಾಗಿ ಅದನ್ನು ಅಳಿಸಿದರೆ ಸಾಕ್ಷಿಯನ್ನೇ ಅಳಿಸಿದ ಹಾಗೆ.

ಕಂಸಗಳೂ ಅಷ್ಟೇ. ಚೌಕ ಕಂಸದೊಳಗಿನ ಅಕ್ಷರ ಸವೆದಿದೆ, ಓದು ಪೂರ್ತಿ ಖಚಿತವಲ್ಲ. ನಕ್ಷತ್ರವಿದ್ದರೆ ಅದು ಸಂಪಾದಕರು ತುಂಬಿದ್ದು. ನಮ್ಮ ಇಂಜಿನಿಯರಿಂಗ್ ನಕ್ಷೆಯಲ್ಲಿ ಅಳತೆಯ ಪಕ್ಕ ಟಾಲರೆನ್ಸ್ ಬರೀತೀವಲ್ಲ, ಹಾಗೆ. ಚೆನ್ನಾಗಿ ಕಾಣಲ್ಲ ಅಂತ ಅದನ್ನು ತೆಗೆದ ನಕ್ಷೆ ಹಿಡಿದು ಯಾರೂ ಸೇತುವೆ ಕಟ್ಟಲ್ಲ. ಕಂಸ ತೆಗೆದ ಪಾಠವನ್ನು ಪೋಸ್ಟರಿಗೆ ಹಾಕಿದ ಕ್ಷಣ ಊಹೆ ಇತಿಹಾಸವಾಗುತ್ತದೆ, ಆಮೇಲೆ ಅದರ ಮೇಲೆ ಜಗಳವೂ ಶುರು.

ರೈಸರ ಕಾಲದಲ್ಲಿ ದಾಖಲಾದ ಬೆಂಗಳೂರು ಸುತ್ತಲಿನ ಎಷ್ಟೋ ಕಲ್ಲುಗಳು ಇವತ್ತು ಜಾಗದಲ್ಲಿಲ್ಲ. ಮತ್ತೆ ಹೋಗಿ ನೋಡಿ ತಿದ್ದಲು ಕಲ್ಲೇ ಇಲ್ಲದಾಗ ಉಳಿಯುವುದು ಪಡಿಯಚ್ಚು ಮತ್ತು ಅಚ್ಚಾದ ಪಾಠ ಮಾತ್ರ. ಅದರಲ್ಲೂ ಅನುಮಾನದ ಗುರುತು ಅಳಿಸಿದರೆ ಮುಂದಿನವರಿಗೆ ಪರೀಕ್ಷಿಸುವ ದಾರಿಯೇ ಮುಚ್ಚಿತು.

ಹಾಗಂತ ವಿದ್ವಾಂಸರು "ಇದು ತಿಳಿದವರಿಗೆ ಮಾತ್ರ" ಅಂತ ಕೈತೊಳೆದುಕೊಳ್ಳುವಂತಿಲ್ಲ. ಪ್ರತಿ ಪಾಠದ ಕೆಳಗೆ ಎರಡು ಸಾಲಿನಲ್ಲಿ ಚಿಹ್ನೆಗಳ ಅರ್ಥ ಕೊಡಿ. ಪಕ್ಕದಲ್ಲೇ ಹೊಸಗನ್ನಡ ಸಾರಾಂಶ ಹಾಕಿ. ಅಲ್ಲಿ ಕಂಸ ಬೇಡ, ಆದರೆ ಅನುಮಾನವಿದ್ದ ಕಡೆ "ಇರಬಹುದು" ಅನ್ನುವ ಮಾತಿರಲಿ.

ಟೀಕಿಸುವವರಿಗೆ ನನ್ನ ಅಳತೆಗೋಲು ಇಷ್ಟೇ: ತೆಗೆದರೆ ಮಾಹಿತಿ ಹೋಗುತ್ತದಾ? ಹೋಗದಿದ್ದರೆ ಧಾರಾಳವಾಗಿ ಬದಲಾಯಿಸಿ. ಹೋಗುತ್ತದೆ ಅಂದರೆ ಅದು ಶೈಲಿಯಲ್ಲ, ಶಾಸನದ್ದೇ ಭಾಗ. ಅದಕ್ಕೆ ಕೈ ಹಚ್ಚಬೇಡಿ.