ಮುಂದಿನ ಕೊಳವೆ, ಹಿಂದಿನ ಕೊಳವೆ

ಬೆಂಗಳೂರಿನ ಕಸವನ್ನು ಉರಿಸಿ ವಿದ್ಯುತ್ತನ್ನು ಪಡೆಯಲು ಬಿಡದಿಯಲ್ಲಿ 11.5 ಮೆಗಾವಾಟ್ ಸ್ಥಾವರವೊಂದು ನಿರ್ಮಾಣವಾಗಿದೆ. ಇಂತಹ ಸ್ಥಾವರಗಳ ಬಾಯ್ಲರುಗಳಲ್ಲಿ ಬಿಸಿ ಹೊಗೆಯು ಸಾಲುಸಾಲಾದ ನೀರಿನ ಕೊಳವೆಗಳನ್ನು ಅಡ್ಡಹಾಯ್ದು ಹೋಗುತ್ತದೆ. ಹಿಂದಿನ ಕೊಳವೆಗೆ ದೊರೆಯುವ ಶಾಖವು ಮುಂದಿನದನ್ನು ಅವಲಂಬಿಸಿದೆ. ಪಠ್ಯಪುಸ್ತಕಗಳಾದರೋ ಒಂಟಿ ಸಿಲಿಂಡರನ್ನೂ ಅದರ ಹಿಂದಣ ಕಾರ್ಮಾನ್ ಸುಳಿಸಾಲನ್ನೂ ವರ್ಣಿಸಿ ತೃಪ್ತಿಪಡುತ್ತವೆ. (ಆ ಸುಳಿಗಳನ್ನು 1908ರಲ್ಲಿಯೇ ಬೆನಾರ್ ವರದಿ ಮಾಡಿದ್ದನು, ಹೆಸರು ಮಾತ್ರ ಗಣಿತವನ್ನು ರಚಿಸಿದವನಿಗೆ ಸಂದಿತು.)

ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದ್ದು ಜ್ದ್ರಾವ್ಕೊವಿಚರು 1977ರಲ್ಲಿ ಪ್ರಕಟಿಸಿದ ಸಮೀಕ್ಷೆ. ವಿಮಾನದ ಆಸರೆಗಂಬಗಳನ್ನು ಕುರಿತು ಬಿಯರ್ಮನ್ ಮತ್ತು ಹೆರ್ನ್‌ಸ್ಟೈನರು 1933ರಲ್ಲಿ ನೀಡಿದ ಅಳತೆಗಳೇ ಮೊದಲಾದ ಚದುರಿದ ಸಾಕ್ಷ್ಯಗಳನ್ನು, ಶಾಸನ ಸಂಪಾದಕನು ಪಾಠಾಂತರಗಳನ್ನು ಹೋಲಿಸುವಂತೆ, ಅವರು ಹೋಲಿಸಿದ್ದಾರೆ. ಒಂದರ ಹಿಂದೊಂದು ನಿಂತ ಎರಡು ಸಿಲಿಂಡರುಗಳ ಕೇಂದ್ರಾಂತರವು ವ್ಯಾಸದ ಸುಮಾರು ಮೂರೂವರೆಯಿಂದ ನಾಲ್ಕು ಪಟ್ಟನ್ನು ತಲಪುವವರೆಗೆ ನಡುವಣ ಹರಿವು ಮಂದವಾಗಿರುತ್ತದೆ. ಅದನ್ನು ಮೀರಿದೊಡನೆ ಮುಂದಿನದೂ ಸುಳಿಗಳನ್ನು ಚೆಲ್ಲತೊಡಗುತ್ತದೆ. ಈ ಪರಿವರ್ತನೆ ಕ್ರಮೇಣವಾದುದಲ್ಲ, ಹಠಾತ್ತಾದುದು. ಇದನ್ನು ಎತ್ತಿ ತೋರಿಸಿದುದೇ ಸಮೀಕ್ಷೆಯ ಹಿರಿಮೆ.

ಆದರೆ ಅದರ ಲಕ್ಷ್ಯವೆಲ್ಲ ಹರಿವು ಮತ್ತು ಬಲಗಳ ಮೇಲಿದೆ. ಶಾಖದ ವಿಚಾರಕ್ಕೆ 1972ರ ಜುಕೌಸ್ಕಾಸರ ಪ್ರಬಂಧವನ್ನೇ ನೋಡಬೇಕು. ಅನೇಕ ಸಾಲುಗಳಿರುವಲ್ಲಿ ಒಳಸಾಲುಗಳ ಶಾಖವರ್ಗಾವಣೆ ಮೊದಲ ಸಾಲಿನದಕ್ಕಿಂತ ತೀವ್ರವಾಗಿರುವುದುಂಟು. ಮುಂದಿನ ಕೊಳವೆಗಳು ಕದಡಿದ ಹರಿವೇ ಇದಕ್ಕೆ ಕಾರಣ. ಜೋಡಿ ಸಿಲಿಂಡರನ್ನಷ್ಟೇ ಓದಿದ ವಿದ್ಯಾರ್ಥಿಯು ಬಾಯ್ಲರಿನ ಈ ವರ್ತನೆಯನ್ನು ಊಹಿಸಲಾರನು.